ಕಾಳು ಬೇಯಿಸಲು ಕಲಿತ ಮೇಲೆ

ಹಾವೇರಿ ಜಿಲ್ಲೆಯ ನಮ್ಮ ಊರಿನ ಮನೆಯಲ್ಲಿ ಮಾಂಸವೆಂಬುದು ದಿನನಿತ್ಯದ ಅಡುಗೆಯಾಗಿರಲಿಲ್ಲ. ಸೋಮವಾರ ಈಶ್ವರನ ವಾರ, ಶನಿವಾರ ಹನುಮಪ್ಪನ ವಾರ, ಮಂಗಳವಾರ ಶುಕ್ರವಾರಗಳು ದೇವಿಯ ವಾರಗಳು, ಶ್ರಾವಣವಂತೂ ಇಡೀ ತಿಂಗಳು ನಿಷಿದ್ಧ. ಇವನ್ನೆಲ್ಲ ಕಳೆದು ಉಳಿದ ದಿನಗಳಲ್ಲಿಯೂ ಕೈಯಲ್ಲಿ ರೊಕ್ಕವಿದ್ದಾಗ, ಬೀಗರು ಬಂದಾಗ, ದ್ಯಾಮವ್ವನ ಜಾತ್ರೆಯಾದಾಗ ಮಾತ್ರ ಒಳಕಲ್ಲಿನಲ್ಲಿ ಮಾಂಸದ ಮಸಾಲೆ ಅರೆಯುವ ಸದ್ದು ಕೇಳಿಸುತ್ತಿತ್ತು. ಮಿಕ್ಕ ದಿನಗಳಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ, ತಪ್ಪಲ (ಸೊಪ್ಪಿನ) ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮಜ್ಜಿಗೆ. ನಾನು ಮಾಂಸ ಬಿಟ್ಟೆನೆಂದು ಹೇಳಿದಾಗ ಅವ್ವ ಕೇಳಿದ ಮೊದಲ ಮಾತು, "ಹಂಗಾರ ಇನ್ನ ಏನ್ ತಿಂತೀಪಾ ನೀ?" ಎಂಬುದು. ಆ ಪ್ರಶ್ನೆ ಕೇಳುವಾಗ ಆಕೆ ನನ್ನ ತಾಟಿಗೆ ಬಡಿಸುತ್ತಿದ್ದದ್ದು ಮಡಿಕೆಕಾಳಿನ ಪಲ್ಯ.

ಆದರೂ ಅವ್ವನ ಪ್ರಶ್ನೆಯನ್ನು ನಕ್ಕು ಬಿಟ್ಟುಬಿಡುವಂತಿರಲಿಲ್ಲ. ಹುಬ್ಬಳ್ಳಿಗೆ ಬಂದು ನೆಲೆಸಿದ ನಮ್ಮಂಥವರ ತಾಟಿನಲ್ಲಿ ಆಕೆಯ ಅಡುಗೆ ಅರ್ಧದಷ್ಟೂ ಉಳಿದಿಲ್ಲ. ರೊಟ್ಟಿಯ ಜಾಗಕ್ಕೆ ಅನ್ನ ಬಂದಿದೆ, ಕಾಳಿನ ಜಾಗಕ್ಕೆ ಕೋಳಿ ಬಂದಿದೆ, ತಪ್ಪಲಿನ ಜಾಗಕ್ಕೆ ಏನೂ ಬಂದಿಲ್ಲ. ವಾರಕ್ಕೆ ಎರಡು ಮೂರು ಸಲ ಕೋಳಿ, ಉಳಿದ ದಿನ ಅನ್ನ-ಸಾರು, ಮುಂಜಾನೆ ಅವಲಕ್ಕಿ ಇಲ್ಲವೇ ಉಪ್ಪಿಟ್ಟು, ಸಂಜೆ ದುರ್ಗದ ಬೈಲಿನ ಕಡೆ ಹೋದರೆ ಗಿರ್ಮಿಟ್ಟು, ಮಿರ್ಚಿ ಭಜಿ. ಇದರೊಳಗಿನ ಕೋಳಿಯೊಂದನ್ನೇ ತೆಗೆದುಹಾಕಿ ಸಸ್ಯಾಹಾರಿಯಾದೆನೆಂದು ಹೇಳಿಕೊಂಡರೆ ಉಳಿಯುವುದು ಅಕ್ಕಿ, ರವೆ, ಮೈದಾ ಮತ್ತು ಕರಿದ ಎಣ್ಣೆ. ಹೀಗೆ ಮಾಂಸ ಬಿಟ್ಟು, ಆರು ತಿಂಗಳಿಗೆ ಹೊಟ್ಟೆ ಬೆಳೆಸಿಕೊಂಡು, ಮೈಯಲ್ಲಿ ಶಕ್ತಿಯಿಲ್ಲವೆಂದು ಮತ್ತೆ ಮಾಂಸಕ್ಕೆ ಮರಳಿದವರನ್ನು ನಾನು ಬಲ್ಲೆ. ಮಾಂಸ ಬಿಡುವುದೊಂದು ನಿರ್ಧಾರ. ಅದು ಒಂದು ಗಳಿಗೆಯಲ್ಲಿ ಆಗಿಹೋಗುತ್ತದೆ. ಅದು ತೆರವು ಮಾಡಿದ ಜಾಗವನ್ನು ಕಾಳಿನಿಂದ ತುಂಬುವುದು ಅಡುಗೆಮನೆಯ ಕೆಲಸ, ಅದಕ್ಕೆ ದಿನವೂ ಕೈ ಹಚ್ಚಬೇಕು. ನಾನು ಇಲ್ಲಿ ಬರೆಯಬೇಕೆಂದಿರುವುದು ಹೆಚ್ಚಾಗಿ ಆ ಎರಡನೆಯ ಕೆಲಸದ ಬಗ್ಗೆ.

ಬಿಟ್ಟ ಕಾರಣವನ್ನು ಕೇಳುವವರು ಬಹಳ ಮಂದಿ ಇರುವುದರಿಂದ ಅದನ್ನೂ ಹೇಳಿ ಮುಗಿಸುತ್ತೇನೆ. ವೈದ್ಯರು ಹೇಳಿದ್ದಲ್ಲ, ಹರಕೆ ಹೊತ್ತದ್ದಲ್ಲ, ಯಾವ ಮಠದಲ್ಲಿಯೂ ದೀಕ್ಷೆ ತೆಗೆದುಕೊಂಡದ್ದಲ್ಲ. ಕೊಯ್ಯುವುದನ್ನು ನಿಂತು ನೋಡಲಾರದ ನಾನು ಕೊಯ್ದದ್ದನ್ನು ಕುಳಿತು ತಿನ್ನುವುದು ನನಗೇ ಸರಿಕಾಣಲಿಲ್ಲ, ಅಷ್ಟೇ. ಈ ವಾದ ಎಲ್ಲ ಕಡೆಯೂ ಗಟ್ಟಿಯಾಗಿಲ್ಲವೆಂಬುದು ಗೊತ್ತಿದೆ. "ನೀ ಕುಡಿಯೂ ಹಾಲಿನ ಎಮ್ಮೀದು ಗಂಡು ಕರ ಎಲ್ಲಿ ಹೋಗ್ತದ?" ಎಂದು ಗೆಳೆಯನೊಬ್ಬ ಕೇಳಿದಾಗ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹಾಲು, ಮೊಸರು, ಮಜ್ಜಿಗೆ ಇಲ್ಲದ ಊಟವನ್ನು ಧಾರವಾಡದ ಸೀಮೆಯಲ್ಲಿ ಕಲ್ಪಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ಹಾಗಾಗಿ ಎಲ್ಲಿಯವರೆಗೆ ಬರಲು ಸಾಧ್ಯವಾಯಿತೋ ಅಲ್ಲಿಯವರೆಗೆ ಬಂದು ನಿಂತಿದ್ದೇನೆ.

ಇದಕ್ಕಿಂತ ಹೆಚ್ಚು ಇರುಸುಮುರುಸು ತಂದದ್ದು ಮೆಚ್ಚುಗೆ. ನಮ್ಮ ಕಡೆ ಊಟದ ಮಾತು ಜಾತಿಯ ಮಾತಾಗದೆ ಬಹಳ ಹೊತ್ತು ಉಳಿಯುವುದಿಲ್ಲ. ಬಾಡಿಗೆ ಮನೆ ಹುಡುಕುವವರಿಗೆ "ನೀವು ತಿನ್ನೂದಿಲ್ಲ ಹೌದಲ್ರಿ?" ಎಂಬ ಪ್ರಶ್ನೆ ಪರಿಚಿತ, ಅದು ಊಟದ ಪ್ರಶ್ನೆಯ ವೇಷದಲ್ಲಿ ಬರುವ ಜಾತಿಯ ಪ್ರಶ್ನೆ. ನಾನು ಮಾಂಸ ಬಿಟ್ಟ ಸುದ್ದಿ ತಿಳಿದ ಕೆಲವರು, ಅದುವರೆಗೆ ನಮ್ಮ ಮನೆಯಲ್ಲಿ ಚಹಾ ಕುಡಿಯಲು ಹಿಂದೆಮುಂದೆ ನೋಡುತ್ತಿದ್ದವರು, "ಚಲೋ ಆತ್ ನೋಡ್ರಿ, ಸುಧಾರಿಸಿದ್ರಿ" ಎಂದು ಬೆನ್ನು ತಟ್ಟಿದರು. ಯಾವುದರಿಂದ ಸುಧಾರಿಸಿದೆ ಎಂದು ಕೇಳಬೇಕೆನ್ನಿಸಿತು. ನನ್ನ ಅವ್ವ-ಅಪ್ಪ ತಿಂದದ್ದನ್ನು, ನನ್ನ ಹೆಂಡತಿ-ಮಕ್ಕಳು ಇಂದಿಗೂ ತಿನ್ನುವುದನ್ನು ಕೀಳೆಂದು ಒಪ್ಪಿಕೊಂಡು ಪಡೆಯುವ ಪ್ರಶಸ್ತಿ ನನಗೆ ಬೇಡವಾಗಿತ್ತು. ನಮ್ಮ ಅಡುಗೆಮನೆಯಲ್ಲಿ ಈಗಲೂ ರವಿವಾರ ಎರಡು ಪಾತ್ರೆಗಳು ಕುದಿಯುತ್ತವೆ, ಒಂದೇ ಒಲೆಯ ಎರಡು ಬರ್ನರುಗಳ ಮೇಲೆ. ಸೌಟು ಬೇರೆ, ಅಷ್ಟೇ ಫರಕು.

2021ರ ಕೊನೆಯಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲು ಆರಂಭಿಸಿದಾಗ ಎದ್ದ ವಿರೋಧವನ್ನು ನಾನು ಈ ಕಾರಣಕ್ಕೇ ಒಪ್ಪಲಿಲ್ಲ. ಮೊಟ್ಟೆ ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣಿನ ಏರ್ಪಾಡು ಇತ್ತು. ಆಯ್ಕೆಯಿಂದ ಮಾಂಸ ಬಿಟ್ಟ, ಮೂರು ಹೊತ್ತು ಉಣ್ಣಲು ಇರುವ ನನ್ನಂಥವನು ಹಸಿದು ಶಾಲೆಗೆ ಬರುವ ಮಗುವಿನ ತಾಟಿನಿಂದ ಮೊಟ್ಟೆಯನ್ನು ಎತ್ತಿಕೊಳ್ಳುವುದಕ್ಕೆ ಯಾವ ಅಧಿಕಾರವಿದೆ? ನನ್ನ ವ್ರತ ನನ್ನ ತಾಟಿಗೆ ಮುಗಿಯಬೇಕು.

ಹಾಗೆ ನೋಡಿದರೆ ಮಾಂಸವಿಲ್ಲದ ಊಟ ಈ ನೆಲದಲ್ಲಿ ಯಾವ ಒಂದು ಜಾತಿಯ ಸೊತ್ತೂ ಆಗಿಲ್ಲ. 11ನೆಯ ಶತಮಾನದ ಆರಂಭದಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸುವ ಹೊತ್ತಿಗೇ ಜೈನರ ಅಹಿಂಸೆ ಇಲ್ಲಿ ಬೇರೂರಿತ್ತು. ಆಮೇಲೆ ಶರಣರು ಬಂದರು, ಮಠಗಳ ದಾಸೋಹ ಬಂತು. ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಅಂಗವಾಗಿ ರೊಟ್ಟಿ ಜಾತ್ರೆಯೆಂದೇ ನಡೆಯುತ್ತದೆ. ಎಲ್ಲ ಜಾತಿಯವರೂ ಸಾಲಾಗಿ ಕುಳಿತು ಜೋಳದ ರೊಟ್ಟಿ, ಕರಿಂಡಿ ಎಂಬ ಖಾರದ ಚಟ್ನಿ, ಪಲ್ಯ ಉಣ್ಣುತ್ತಾರೆ. ಸೀಗೆ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಅರ್ಪಿಸಲು, ಹೊಲಕ್ಕೆ ಹೋಗುವ ಬುಟ್ಟಿಯನ್ನು ಬಿಚ್ಚಿ ನೋಡಿ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಹೋಳಿಗೆ, ಮೊಸರನ್ನ. ವರ್ಷವಿಡೀ ಮಾಂಸ ತಿನ್ನುವ ಮನೆಯ ಬುಟ್ಟಿಯಲ್ಲಿಯೂ ಇದೇ, ತಿನ್ನದ ಮನೆಯ ಬುಟ್ಟಿಯಲ್ಲಿಯೂ ಇದೇ. ಹಬ್ಬದ ಊಟವೆಂದರೆ ಮಾಂಸವಿರಲೇಬೇಕು ಎಂದು ಆ ದಿನ ಯಾರಿಗೂ ಅನ್ನಿಸುವುದಿಲ್ಲ.

ಈಗ ಕಾಳಿಗೆ ಬರುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 60 ಕಿಲೋ ತೂಕದ ವ್ಯಕ್ತಿಗೆ ಸುಮಾರು 50 ಗ್ರಾಂ. ಮಾಂಸವಿಲ್ಲದೆ ಇಷ್ಟು ಎಲ್ಲಿಂದ ತರುವುದು ಎನ್ನುವವರ ಎದುರು ನಾನು ನಮ್ಮ ಹಳೆಯ ತಾಟನ್ನೇ ಲೆಕ್ಕ ಹಾಕಿ ತೋರಿಸುತ್ತೇನೆ. ಮೂರು ರೊಟ್ಟಿಗೆ 150 ಗ್ರಾಂ ಜೋಳದ ಹಿಟ್ಟು ಹಿಡಿದರೆ 15 ಗ್ರಾಂ. 50 ಗ್ರಾಂ ಒಣ ಕಾಳನ್ನು ನೆನೆಸಿ ಮಾಡಿದ ಪಲ್ಯದಿಂದ 11 ಗ್ರಾಂ. 30 ಗ್ರಾಂ ತೊಗರಿಬೇಳೆಯಿಂದ 6. ಒಂದು ಹಿಡಿ ಶೇಂಗಾದಿಂದ ಅಥವಾ ಶೇಂಗಾ ಹಿಂಡಿಯಿಂದ 5. ಒಂದೊಂದು ಲೋಟ ಹಾಲು ಮತ್ತು ಮೊಸರಿನಿಂದ 12 ಅಥವಾ 13. ಲೆಕ್ಕ 50ಕ್ಕೆ ಬಂದು ಮುಟ್ಟುತ್ತದೆ, ಮುಂಜಾನೆಯ ನಾಷ್ಟಾ ಇನ್ನೂ ಹಿಡಿದಿಲ್ಲ. ಕಾಳಿನ ಪ್ರೋಟೀನಿನಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಕಡಿಮೆ, ಜೋಳ-ಗೋಧಿ-ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ. ಒಂದರಲ್ಲಿ ಕಡಿಮೆ ಇರುವುದು ಇನ್ನೊಂದರಲ್ಲಿ ಸಾಕಷ್ಟಿರುವುದರಿಂದ ರೊಟ್ಟಿ-ಕಾಳು ಒಟ್ಟಾಗಿ ಹೊಟ್ಟೆಗೆ ಹೋದರೆ ಕೊರತೆ ತುಂಬುತ್ತದೆ. ಆದರೆ ಈ ಲೆಕ್ಕದಿಂದ ಕಾಳು, ಬೇಳೆ ಮತ್ತು ಶೇಂಗಾ ಮೂರನ್ನೂ ಕಳೆದು, ರೊಟ್ಟಿಯ ಬದಲು ಅನ್ನ ಇಟ್ಟು ನೋಡಿ. ನಗರದ ಸಸ್ಯಾಹಾರಿಯ ಆಯಾಸಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕಾಳಿನ ಮಟ್ಟಿಗೆ ನಮ್ಮ ಸೀಮೆಯಷ್ಟು ಅನುಕೂಲವಾದ ನೆಲ ಕಡಿಮೆ. ಗದಗ, ರೋಣ, ನರಗುಂದ, ನವಲಗುಂದದ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ಹೆಸರು ಎರಡು ತಿಂಗಳ ಚಿಲ್ಲರೆ ದಿನಗಳಲ್ಲಿ ಕಟಾವಿಗೆ ಬಂದು ಆಗಸ್ಟ್-ಸೆಪ್ಟೆಂಬರಿನಲ್ಲಿ ಗದಗಿನ ಮಾರುಕಟ್ಟೆ ತುಂಬುತ್ತದೆ. ಕಡಲೆಗಂತೂ ಮಳೆಯ ಹಂಗೂ ಹೆಚ್ಚಿಲ್ಲ. ಎರೆಮಣ್ಣು ಹಿಡಿದಿಟ್ಟುಕೊಂಡ ಹಸಿ ಮತ್ತು ಚಳಿಗಾಲದ ಇಬ್ಬನಿಯ ಮೇಲೆಯೇ ಅದು ಬೆಳೆದುಬಿಡುತ್ತದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರನ್ನೇ ಹೊತ್ತ ‘ಅಣ್ಣಿಗೇರಿ-1’ ಎಂಬ ಕಡಲೆ ತಳಿಯನ್ನು ಉತ್ತರ ಕರ್ನಾಟಕದ ರೈತರು ದಶಕಗಳ ಕಾಲ ಬಿತ್ತಿದ್ದಾರೆ. ಪಂಪ ಹುಟ್ಟಿದ ಊರೆಂದು ಅಣ್ಣಿಗೇರಿಯನ್ನು ನೆನೆಯುವ ನಾವು ಝುಣಕದ ಹಿಟ್ಟಿನ, ಅಂದರೆ ಕಡಲೆಹಿಟ್ಟಿನ, ಊರೆಂದೂ ನೆನೆಯಬಹುದು. ಇಷ್ಟೆಲ್ಲ ಬೆಳೆಯುವ ನೆಲದಲ್ಲಿ ಕುಳಿತು, ದೂರದಿಂದ ಬಂದ ಡಬ್ಬಿಯ ಪ್ರೋಟೀನ್ ಪುಡಿಯನ್ನು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕಾಳಿನ ಅಡುಗೆಯಲ್ಲಿ ಕಷ್ಟವಿರುವುದು ಒಂದೇ ಕಡೆ: ಅದನ್ನು ಹಿಂದಿನ ದಿನವೇ ನೆನಪಿಟ್ಟುಕೊಳ್ಳಬೇಕು. ಸಂಜೆ ಕೆಲಸದಿಂದ ಬಂದು, ಹಸಿವಾಗಿ, ಡಬ್ಬಿಯ ಮುಚ್ಚಳ ತೆರೆದರೆ ಒಣ ಮಡಿಕೆಕಾಳು ಯಾವ ಉಪಕಾರವನ್ನೂ ಮಾಡುವುದಿಲ್ಲ. ರಾತ್ರಿ ಉಂಡ ತಾಟು ತೊಳೆಯುವಾಗ ನಾಳೆಯ ಕಾಳನ್ನು ನೀರಿಗೆ ಹಾಕುವುದು ನನ್ನ ಮನೆಯಲ್ಲಿ ಈಗ ಬಾಗಿಲಿಗೆ ಚಿಲಕ ಹಾಕುವಷ್ಟೇ ಸಹಜವಾಗಿದೆ. ಮುಂಜಾನೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಪಾತ್ರೆಯಲ್ಲಿ ಮುಚ್ಚಿಟ್ಟರೆ ಬೇಸಿಗೆಯಲ್ಲಿ ಸಂಜೆಯ ಹೊತ್ತಿಗೇ ಮಡಿಕೆ ಮತ್ತು ಹೆಸರಿಗೆ ಮೊಳಕೆ ಇಣುಕಿರುತ್ತದೆ. ಧಾರವಾಡದ ಜುಲೈ-ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಇನ್ನೂ ಒಂದು ದಿನ ಬೇಕಾಗುತ್ತದೆ. ಆಗ ಬಟ್ಟೆಯ ಗಂಟನ್ನು ಒಲೆಯ ಸಮೀಪ ಇಡಬೇಕು, ದಿನಕ್ಕೊಮ್ಮೆ ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಲೋಳೆ ಹಿಡಿದು ವಾಸನೆ ಬರುತ್ತದೆ. ಮೊಳಕೆ ಬರಿಸುವುದು ರುಚಿಗಾಗಿ ಮಾತ್ರವಲ್ಲ. ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ ಮತ್ತು ಸತುವು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ನೆನೆದು ಮೊಳೆತಾಗ ಅದು ಕಡಿಮೆಯಾಗುತ್ತದೆ, ಕಾಳು ಬೇಗ ಬೇಯುತ್ತದೆ, ಹೊಟ್ಟೆ ಉಬ್ಬುವುದೂ ತಗ್ಗುತ್ತದೆ.

ಮೊಳಕೆಯೊಡೆದ ಮಡಿಕೆಗೆ ಕುಕ್ಕರ್ ಬೇಡ. ಒಂದು ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾಯಿಸಿ, ಸಾಸಿವೆ-ಜೀರಿಗೆ ಸಿಡಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಬಾಡಿಸಿ, ಅರಿಶಿನ ಹಾಗೂ ಕಾಳು ಸೇರಿಸಿ, ಕಾಳು ಅರ್ಧ ಮುಳುಗುವಷ್ಟು ನೀರು ಹಾಕಿ ಮುಚ್ಚಿಟ್ಟರೆ ಹತ್ತು ಹನ್ನೆರಡು ನಿಮಿಷಕ್ಕೆ ಬೆಂದಿರುತ್ತದೆ. ಕಾಳು ಬೆರಳಿಗೆ ಒತ್ತಿದರೆ ಮೆತ್ತಗಾಗಬೇಕು, ಆದರೆ ಆಕಾರ ಕೆಡಬಾರದು. ಆಮೇಲೆ ಉಪ್ಪು, ಮಸಾಲೆ ಖಾರ, ಹುಣಸೆಯ ರಸ, ಅಡಿಕೆಯಷ್ಟು ಬೆಲ್ಲ. ಇಳಿಸುವ ಮುನ್ನ ಹುರಿದ ಗುರೆಳ್ಳಿನ (ಹುಚ್ಚೆಳ್ಳಿನ) ಪುಡಿ. ಹುಳಿಯನ್ನು ಕಡೆಗೆ ಹಾಕುವುದಕ್ಕೆ ಕಾರಣವಿದೆ: ಹುಳಿ ಬಿದ್ದ ಮೇಲೆ ಕಾಳು ಮೆತ್ತಗಾಗಲು ಹಟ ಮಾಡುತ್ತದೆ. ಗುರೆಳ್ಳಿಲ್ಲದಿದ್ದರೆ ಶೇಂಗಾ ಪುಡಿಯೂ ಆದೀತು, ಆದರೆ ಗುರೆಳ್ಳಿನ ಆ ಕಮರುಗಂಪು ಬರುವುದಿಲ್ಲ. ಇದೇ ಕ್ರಮದಲ್ಲಿ ಹೆಸರು, ಅಲಸಂದಿ, ಕಡಲೆ ಯಾವುದನ್ನಾದರೂ ಮಾಡಬಹುದು. ಅಲಸಂದಿ ಮತ್ತು ಕಡಲೆಯನ್ನು ಮಾತ್ರ ಮೊದಲು ಕುಕ್ಕರಿನಲ್ಲಿ ಬೇಯಿಸಿಕೊಳ್ಳಬೇಕು.

ಮಾಂಸ ಬಿಟ್ಟವರು ತಮಗೆ ಮಾಂಸದ ನೆನಪಾಗುತ್ತದೆ ಎನ್ನುತ್ತಾರೆ. ನನಗೂ ಆಗುತ್ತಿತ್ತು, ವಿಶೇಷವಾಗಿ ರವಿವಾರ ಮಧ್ಯಾಹ್ನ ಪಕ್ಕದ ಬರ್ನರಿನಿಂದ ವಾಸನೆ ಬಂದಾಗ. ಆದರೆ ನಿಧಾನವಾಗಿ ತಿಳಿದುಬಂದದ್ದೇನೆಂದರೆ, ನನ್ನನ್ನು ಕರೆಯುತ್ತಿದ್ದದ್ದರಲ್ಲಿ ಬಹುಪಾಲು ಮಸಾಲೆಯೇ. ಕೆಂಡದಲ್ಲಿಯೋ ಗ್ಯಾಸಿನ ಉರಿಯ ಮೇಲೋ ಸುಟ್ಟ ಇಡೀ ಉಳ್ಳಾಗಡ್ಡಿ, ಕಂದು ಬಣ್ಣಕ್ಕೆ ಹುರಿದ ಒಣಕೊಬ್ಬರಿ, ಗಸಗಸೆ, ಕೊತ್ತಂಬರಿ ಬೀಜ, ಲವಂಗ, ಚಕ್ಕೆ, ಬೆಳ್ಳುಳ್ಳಿ, ಹಸಿಶುಂಠಿ, ಬ್ಯಾಡಗಿ ಮೆಣಸಿನಕಾಯಿ. ಇದರಲ್ಲಿ ಪ್ರಾಣಿಯ ಪದಾರ್ಥ ಯಾವುದೂ ಇಲ್ಲ. ಈ ಮಸಾಲೆಯನ್ನು ಹೊರಬಲ್ಲ, ಅದರೊಳಗೆ ಕರಗಿಹೋಗದ, ತನ್ನದೇ ಗಡಸುತನವಿರುವ ಒಂದು ಪದಾರ್ಥ ಬೇಕಾಗಿತ್ತು. ಹೂಕೋಸು ಆಗಲಿಲ್ಲ, ಬಟಾಟೆ ಆಗಲಿಲ್ಲ. ಹುರುಳಿಕಾಳು ಆಯಿತು.

ಹುರುಳಿಯನ್ನು ಜನ ಎತ್ತಿನ ಮೇವೆಂದು ಹೀಗಳೆಯುತ್ತಾರೆ. ಆದರೆ ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಮತ್ತು ಅದರ ಕಟ್ಟಿಗೆ, ಅಂದರೆ ಬೇಯಿಸಿ ಬಸಿದ ನೀರಿಗೆ, ಉಳಿದ ಯಾವ ಕಾಳಿಗೂ ಇಲ್ಲದ ಒಂದು ಗಾಢವಾದ, ಮಣ್ಣಿಗೆ ಹತ್ತಿರವಾದ ರುಚಿಯಿದೆ. ಒಂದು ವಾಟಗ (ಬಟ್ಟಲು) ಹುರುಳಿಯನ್ನು ರಾತ್ರಿ ನೆನೆಸಿ, ಮುಂಜಾನೆ ಮೂರು ನಾಲ್ಕು ವಾಟಗ ನೀರಿನೊಡನೆ ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ. ಕಟ್ಟನ್ನು ಬಸಿದಿಟ್ಟುಕೊಂಡು, ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಮಸಾಲೆಯೊಡನೆ ನುಣ್ಣಗೆ ಅರೆಯಿರಿ. ಎಣ್ಣೆಯಲ್ಲಿ ಅರೆದ ಮಸಾಲೆಯನ್ನು ಹಾಕಿ, ಎಣ್ಣೆ ಬದಿಗೆ ಬಿಡುವ ತನಕ ಅವಸರ ಮಾಡದೆ ಕೈಯಾಡಿಸಿ, ಆಮೇಲೆ ಕಟ್ಟನ್ನೂ ಉಳಿದ ಕಾಳನ್ನೂ ಹಾಕಿ ಕುದಿಸಿ. ಹುಣಸೆಹಣ್ಣು ಸ್ವಲ್ಪವೇ ಸಾಕು. ಮಸಾಲೆಯನ್ನು ಬಾಡಿಸುವ ಹತ್ತು ನಿಮಿಷಗಳಲ್ಲಿಯೇ ಈ ಸಾರಿನ ಹಣೆಬರಹ ತೀರ್ಮಾನವಾಗುತ್ತದೆ. ಹಸಿ ವಾಸನೆ ಉಳಿದರೆ ಎಷ್ಟು ಕುದಿಸಿದರೂ ಹೋಗದು. ಹೆಂಡತಿ ಮೊದಲ ಸಲ ಇದರ ರುಚಿ ನೋಡಿ ಏನೂ ಹೇಳಲಿಲ್ಲ. ಈಗ ರವಿವಾರ ಮಕ್ಕಳು ಎರಡೂ ಸಾರುಗಳನ್ನು ಕಲಸಿಕೊಂಡು ಉಣ್ಣುತ್ತಾರೆ, ನಾನು ಬೇಡವೆನ್ನುವುದಿಲ್ಲ.

ಬ್ಯಾಡಗಿಯ ಹೆಸರು ಬಂದದ್ದರಿಂದ ಒಂದು ಮಾತು. ನಮ್ಮ ಜಿಲ್ಲೆಯ ಈ ಸುಕ್ಕುಗಟ್ಟಿದ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಇದರ ಹೆಚ್ಚುಗಾರಿಕೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಖಾರ ಕಡಿಮೆ ಇರುವುದರಿಂದಲೇ ಧಾರಾಳವಾಗಿ ಹಾಕಬಹುದು, ಧಾರಾಳವಾಗಿ ಹಾಕುವುದರಿಂದಲೇ ಸಾರಿಗೆ ಬಣ್ಣದೊಡನೆ ಮೈಯೂ ಬರುತ್ತದೆ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಕುಟ್ಟಿಸಿ ಇಟ್ಟುಕೊಂಡ ಮನೆಯಲ್ಲಿ ಮಾಂಸವಿಲ್ಲದ ಅಡುಗೆ ಎಂದೂ ಸಪ್ಪೆಯಾಗುವುದಿಲ್ಲ. ಅಂಗಡಿಯ ಬರೀ ಕೆಂಪು ಪುಡಿಯಿಂದ ಮಾಡಿದ ಕಾಳಿನ ಪಲ್ಯ ಉಂಡು ಸಸ್ಯಾಹಾರವನ್ನು ಬೈಯುವವರು ಬೈಯಬೇಕಾದದ್ದು ಆ ಪುಡಿಯನ್ನು.

ನೆನೆಸಲು ಮರೆತ ದಿನಕ್ಕೆ ಝುಣಕವಿದೆ. ಒಂದು ವಾಟಗ ಕಡಲೆಹಿಟ್ಟಿಗೆ ಎರಡು ವಾಟಗ ನೀರು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆಗೆ ನೀರು, ಉಪ್ಪು, ಅರಿಶಿನ ಹಾಕಿ ಕುದಿ ಬಂದಾಗ, ಒಂದು ಕೈಯಿಂದ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಿಂದ ತಿರುವಬೇಕು. ಗಂಟಾಗುವ ಭಯವಿದ್ದವರು ಹಿಟ್ಟನ್ನು ಮೊದಲೇ ತಣ್ಣೀರಿನಲ್ಲಿ ಕಲಸಿಕೊಳ್ಳಬಹುದು, ಶಾಸ್ತ್ರಕ್ಕೆ ಭಂಗವೇನಿಲ್ಲ. ಸಣ್ಣ ಉರಿಯಲ್ಲಿ ಮುಚ್ಚಿ ಐದಾರು ನಿಮಿಷ, ಮೇಲೆ ಕೊತ್ತಂಬರಿ. ಕಾಲು ಗಂಟೆಯ ಕೆಲಸ.

ತಪ್ಪಲಿನ ವಿಷಯವನ್ನು ಇಷ್ಟೇ ಬೇಗ ಮುಗಿಸುವಂತಿಲ್ಲ, ಏಕೆಂದರೆ ನಗರದ ತಾಟಿನಿಂದ ಮೊದಲು ಮಾಯವಾಗುವುದು ಅದೇ. ಮೆಂತ್ಯ, ಸಬ್ಬಸಿಗೆ, ರಾಜಗಿರಿ, ಕಿರಕಸಾಲಿ, ಹಕ್ಕರಿಕೆ, ಪುಂಡಿ, ಉಳ್ಳಾಗಡ್ಡಿ ತಪ್ಪಲು: ಹುಬ್ಬಳ್ಳಿಯ ಜನತಾ ಬಜಾರಿನಲ್ಲಿಯೂ ಧಾರವಾಡದಲ್ಲಿ ಸೂಪರ್ ಮಾರ್ಕೆಟ್ ಎಂದು ಕರೆಯುವ ಪೇಟೆಯಲ್ಲಿಯೂ ಸಂಜೆ ಹೋದರೆ ಹಳ್ಳಿಯ ಹೆಣ್ಣುಮಕ್ಕಳು ಗೋಣಿತಟ್ಟಿನ ಮೇಲೆ ಸೂಡುಗಳನ್ನು ಹರವಿಕೊಂಡು ಕುಳಿತಿರುತ್ತಾರೆ. ಬಿಡಿಸುವ ಬೇಸರವೊಂದೇ ಇವುಗಳ ವೈರಿ. ಪುಂಡಿಯ ಪಲ್ಯವನ್ನು ತೊಗರಿಬೇಳೆ ಮತ್ತು ಜೋಳದ ನುಚ್ಚಿನೊಡನೆ ಬೇಯಿಸಿ, ಕಡೆದು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಸುರಿದರೆ ಒಂದೇ ಪಾತ್ರೆಯಲ್ಲಿ ಸೊಪ್ಪು, ಬೇಳೆ, ಧಾನ್ಯ ಮೂರೂ ಕೂಡಿದ ಊಟವಾಗುತ್ತದೆ. ಹಕ್ಕರಿಕೆಗೆ ಒಲೆಯೇ ಬೇಡ. ತೊಳೆದು ತಾಟಿನ ಬದಿಗಿಟ್ಟುಕೊಂಡು ರೊಟ್ಟಿ-ಹಿಂಡಿಯೊಡನೆ ಹಸಿಯಾಗಿ ಕಡಿಯುವುದು. ಹಸಿ ತರಕಾರಿ, ಲಿಂಬೆಹಣ್ಣು, ಧಾರವಾಡದ ಪೇರಲ ಇವುಗಳಿಗೆಲ್ಲ ಇನ್ನೊಂದು ಉಪಯೋಗವಿದೆ: ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ, ‘ಸಿ’ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಇದಕ್ಕೆ ತದ್ವಿರುದ್ಧ. ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ಕೇಳುತ್ತಾರೆ, ಕೇಳುತ್ತಲೇ ಇನ್ನೊಂದು ಕಟ್ ಚಹಾ ತರಿಸುತ್ತಾರೆ.

ಕಾಳು, ತಪ್ಪಲು, ರೊಟ್ಟಿ ಎಷ್ಟೇ ಉಂಡರೂ ಸಿಗದೆ ಇರುವ ಒಂದು ವಸ್ತುವನ್ನು ಮಾತ್ರ ಮುಚ್ಚಿಡುವಂತಿಲ್ಲ. ಬಿ12 ಜೀವಸತ್ವ ಸಸ್ಯಗಳಲ್ಲಿ ಇರುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮೈಕ್ರೊಗ್ರಾಂ ಮಾತ್ರ, ಆದರೆ ಅಷ್ಟು ಬರಬೇಕಾದರೆ ಹಾಲು-ಮೊಸರು ದಿನಾಲೂ ಅರ್ಧ ಲೀಟರಿನ ಆಸುಪಾಸಿನಲ್ಲಿ ಹೊಟ್ಟೆಗೆ ಹೋಗಬೇಕು. ಚಹಾದಲ್ಲಿ ಬೆರೆತ ಹಾಲಿನಿಂದ ಅದು ಆಗುವ ಮಾತಲ್ಲ. ಯಕೃತ್ತಿನಲ್ಲಿ ಇದರ ಸಂಗ್ರಹ ವರ್ಷಗಟ್ಟಲೆ ಇರುವುದರಿಂದ ಮಾಂಸ ಬಿಟ್ಟ ಹೊಸತರಲ್ಲಿ ಕೊರತೆ ಗೊತ್ತಾಗುವುದೂ ಇಲ್ಲ. ಆಮೇಲೆ ಕೈಕಾಲು ಜುಮ್ಮೆನ್ನುವುದು, ಆಯಾಸ, ಮರೆವು. ರಕ್ತಪರೀಕ್ಷೆಯಲ್ಲಿ ಕಡಿಮೆ ಬಂದರೆ ವೈದ್ಯರ ಸಲಹೆಯಂತೆ ಗುಳಿಗೆ ತೆಗೆದುಕೊಳ್ಳುವುದಕ್ಕೆ ಸಂಕೋಚ ಬೇಡ. ಹಾಲನ್ನೂ ಬಿಟ್ಟವರಿಗೆ ಗುಳಿಗೆಯೋ, ಬಿ12 ಸೇರಿಸಿದ ಆಹಾರವೋ ಬೇಕೇ ಬೇಕು. ನಮ್ಮ ಪೂರ್ವಜರು ಗುಳಿಗೆ ನುಂಗಿದ್ದರೇ ಎಂದು ವಾದಿಸುವವರ ಮನೆಯಲ್ಲಿ ಪೂರ್ವಜರ ಕಾಲದಲ್ಲಿ ಎಷ್ಟು ಎಮ್ಮೆಗಳಿದ್ದವು, ಈಗ ಎಷ್ಟಿವೆ ಎಂದು ಕೇಳಬೇಕು.

ಹೊರಗೆ ಉಣ್ಣುವ ಪ್ರಸಂಗ ನಮ್ಮಲ್ಲಿ ಅಷ್ಟೇನೂ ತೊಡಕಿನದಲ್ಲ. ಹುಬ್ಬಳ್ಳಿ, ಗದಗ-ಬೆಟಗೇರಿಗಳು ಸಾವಜಿ ಖಾನಾವಳಿಗಳಿಗೆ ಹೆಸರಾದ ಊರುಗಳು. ಆ ಖಾರದ ಮಾಂಸದ ಸಾರಿಗಾಗಿ ಜನ ಬೇರೆ ಊರುಗಳಿಂದ ಬರುತ್ತಾರೆ. ಗೆಳೆಯರು ಅಲ್ಲಿಗೆ ಹೊರಟಾಗ ನಾನೂ ಹೋಗುತ್ತೇನೆ. ರೊಟ್ಟಿ, ಹಸಿ ಉಳ್ಳಾಗಡ್ಡಿ, ಲಿಂಬೆ, ಮೊಸರು, ಕೇಳಿದರೆ ಒಂದು ಪಲ್ಯ, ನನಗೆ ಅಷ್ಟು ಸಾಕು. ನನ್ನ ಊಟಕ್ಕಾಗಿ ಇಡೀ ಗುಂಪಿನ ದಾರಿ ತಪ್ಪಿಸುವುದು ನನಗೆ ಸೇರುವುದಿಲ್ಲ. ರೊಟ್ಟಿ ಊಟದ ಖಾನಾವಳಿಗಳು ಎರಡು ರಸ್ತೆಗೊಂದರಂತೆ ಇವೆ, ಅಲ್ಲಿ ಎರಡು ಪಲ್ಯ, ಒಂದು ಕಾಳು, ಹಿಂಡಿ, ಮಜ್ಜಿಗೆ ತಪ್ಪದೆ ಬರುತ್ತವೆ. ನನಗೆ ನಿಜಕ್ಕೂ ಬೇಸರ ತರಿಸುವುದು ‘ಶುದ್ಧ ಶಾಖಾಹಾರಿ’ ಫಲಕ ಹಚ್ಚಿದ ದೊಡ್ಡ ಹೋಟೆಲುಗಳು. ಅವುಗಳ ಪಟ್ಟಿಯಲ್ಲಿ ಪನೀರಿನ ಹತ್ತಾರು ಬಗೆಗಳಿವೆ, ಎಲ್ಲದಕ್ಕೂ ಒಂದೇ ಕೆಂಪು ಗ್ರೇವಿ. ಹೆಸರುಕಾಳಿನ ಒಂದು ಪಲ್ಯ ಕೇಳಿದರೆ ಮಾಣಿ ಕಕ್ಕಾಬಿಕ್ಕಿಯಾಗುತ್ತಾನೆ.

ಅಕ್ಕನ ಮಗ ಧಾರವಾಡದಲ್ಲಿ ಕೋಣೆ ಹಿಡಿದು ಓದುತ್ತಿದ್ದಾನೆ. ಅವನೂ ಮಾಂಸ ಬಿಡುವ ಯೋಚನೆಯಲ್ಲಿದ್ದು, "ಮಾಮಾ, ರೂಮಿನ್ಯಾಗ ಏನೇನ್ ಇಟ್ಕೊಳ್ಳಿ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದ. ಬಿಡಬೇಕೋ ಬೇಡವೋ ಎಂಬುದನ್ನು ಅವನಿಗೇ ಬಿಟ್ಟು, ಇಟ್ಟುಕೊಳ್ಳಬೇಕಾದದ್ದನ್ನಷ್ಟೇ ಹೇಳಿದೆ. ಮೂರು ಲೀಟರಿನ ಕುಕ್ಕರ್ ಒಂದು. ಹೆಸರು, ಮಡಿಕೆ, ಹುರುಳಿ ಒಂದೊಂದು ಕಿಲೋ, ತೊಗರಿಬೇಳೆ ಒಂದು ಕಿಲೋ, ಕಡಲೆಹಿಟ್ಟು ಅರ್ಧ ಕಿಲೋ. ಅವ್ವನ ಕಡೆಯಿಂದ ಮಸಾಲೆ ಖಾರ ಮತ್ತು ಶೇಂಗಾ ಹಿಂಡಿ, ಸಿಕ್ಕರೆ ಅಗಸಿ ಹಿಂಡಿ. ರೊಟ್ಟಿ ಬಡಿಯಲು ಕೂಡಬೇಡ, ಪರೀಕ್ಷೆಯ ಓದು ಹಾಳಾಗುತ್ತದೆ. ಹೆಣ್ಣುಮಕ್ಕಳು ನಡೆಸುವ ರೊಟ್ಟಿ ಕೇಂದ್ರಗಳು ಎಲ್ಲ ಬಡಾವಣೆಗಳಲ್ಲಿಯೂ ಇವೆ, ಖಡಕ್ ರೊಟ್ಟಿಯನ್ನು ಹದಿನೈದು ದಿನಕ್ಕಾಗುವಷ್ಟು ಒಮ್ಮೆಲೇ ತಂದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕೆಡುವುದಿಲ್ಲ. ದಿನಾಲೂ ಒಂದು ಪಾಕೀಟು ಮೊಸರು, ಸಂಜೆ ಬರುವಾಗ ಒಂದು ಸೂಡು ತಪ್ಪಲು. ಅವನು ಎಲ್ಲವನ್ನೂ ಬರೆದುಕೊಂಡು, "ಕುಕ್ಕರ್ ಇಂಡಕ್ಷನ್ ಒಲೀಗೆ ನಡೀತದೇನ್ರಿ?" ಎಂದು ಕೇಳಿದ. ತಳ ಚಪ್ಪಟೆಯಾಗಿದ್ದು ಅಯಸ್ಕಾಂತ ಅಂಟಿಕೊಳ್ಳುವಂಥದ್ದಾದರೆ ನಡೆಯುತ್ತದೆ, ಬರೀ ಅಲ್ಯೂಮಿನಿಯಮ್ಮಿನದಾದರೆ ನಡೆಯುವುದಿಲ್ಲ, ಕೊಳ್ಳುವಾಗ ಕೇಳಿ ತೆಗೆದುಕೋ ಎಂದು ಹೇಳಿದೆ.